ಅಡಿಗೆಮನೆಗೆ ಹೊಸ ನಲ್ಲಿ: ಆಯ್ಕೆ, ಜೋಡಣೆ ಮತ್ತು ಖರ್ಚಿನ ಲೆಕ್ಕ

ತೋಟಕ್ಕೆ ಸ್ಪ್ರಿಂಕ್ಲರ್ ಜೆಟ್ ಕೊಳ್ಳಲು ಪೇಟೆಗೆ ಹೋದ ಬೆಳೆಗಾರರು ಅಂಗಡಿಯಲ್ಲಿ ಮೊದಲು ಮಾತನಾಡುವುದು ಹೆಡ್ಡಿನ ವಿಷಯ. ಪಂಪು ಎಷ್ಟು ಅಶ್ವಶಕ್ತಿಯದು, ಹೊಳೆಯಿಂದ ಗುಡ್ಡದ ನೆತ್ತಿಗೆ ಎಷ್ಟು ಅಡಿ ಎತ್ತರ, ಪೈಪು ಎಷ್ಟು ಇಂಚಿನದು ಎಂಬುದನ್ನೆಲ್ಲ ಹೇಳಿ, ಅದಕ್ಕೆ ತಕ್ಕ ಜೆಟ್ ಕೊಡಿ ಎನ್ನುತ್ತಾರೆ. ಅದೇ ಬೆಳೆಗಾರರು ಅಡಿಗೆಮನೆಗೆ ನಲ್ಲಿ ಕೊಳ್ಳಲು ಹೋದಾಗ ಈ ಯಾವ ಪ್ರಶ್ನೆಯೂ ಬಾಯಿಗೆ ಬರುವುದಿಲ್ಲ. ಹೊಳಪು ನೋಡಿ, ಬೆಲೆ ಕೇಳಿ, ಒಂದನ್ನು ಕಟ್ಟಿಸಿಕೊಂಡು ಬರುತ್ತೇವೆ. ಇದರಲ್ಲಿ ನಾನೂ ಹೊರತಲ್ಲ.

ನಾಲ್ಕು ವರ್ಷಗಳ ಹಿಂದೆ ಮಗನ ಮದುವೆಗೆ ಮುಂಚೆ ಅಡಿಗೆಮನೆ ರಿಪೇರಿ ಮಾಡಿಸಿದೆವು. ಆಗ ನಗರದ ಒಂದು ದೊಡ್ಡ ಅಂಗಡಿಯಿಂದ 6,200 ರೂಪಾಯಿ ಕೊಟ್ಟು, ಒಂದೇ ಹಿಡಿಕೆಯ, ಬಾಗಿದ ಕತ್ತಿನ ನಲ್ಲಿಯೊಂದನ್ನು ತಂದೆ. ನಮ್ಮ ನೀರಿನ ಟ್ಯಾಂಕು ಇರುವುದು ಬಚ್ಚಲಿನ ಮೇಲಿನ ಅಟ್ಟದಲ್ಲಿ; ಸಿಂಕಿನ ನಲ್ಲಿಗಿಂತ ಐದೇ ಅಡಿ ಎತ್ತರ. ಜೋಡಿಸಿದ ದಿನ ಹಿಡಿಕೆ ಎತ್ತಿದರೆ ನೀರು ನೂಲಿನ ಎಳೆಯಂತೆ ಇಳಿಯಿತು. ಒಂದು ಕೊಡಪಾನ ತುಂಬಲು ಏಳೆಂಟು ನಿಮಿಷ. ನನ್ನ ಮನೆಯಾಕೆ ನಾಲ್ಕು ತಿಂಗಳ ಕಾಲ ಬಚ್ಚಲ ನಲ್ಲಿಯಿಂದ ನೀರು ಹೊತ್ತು ತಂದು ಅಡಿಗೆ ಮಾಡಿದಳು. ಕಾಫಿ ಕೊಯ್ಲಿನ ದಿನಗಳಲ್ಲಿ ಹನ್ನೆರಡು ಜನರಿಗೆ ಊಟ, ಅಷ್ಟು ಪಾತ್ರೆಗಳ ತೊಳೆತ. ಕೊನೆಗೆ ಪ್ಲಂಬರ್ ಬಂದು ನೋಡಿ, “ಗೌಡ್ರೇ, ನಲ್ಲಿದೇನೂ ತಪ್ಪಿಲ್ಲ. ನಿಮ್ಮ ಟ್ಯಾಂಕಿಗೆ ಈ ನಲ್ಲಿ ಅಲ್ಲ” ಎಂದ. 1,100 ರೂಪಾಯಿಯ ಸಾಧಾರಣ ನಲ್ಲಿ ಹಾಕಿದ ಮೇಲೆ ನೀರು ಸರಿಯಾಗಿ ಬಂತು. ಮೊದಲಿನದು ಕಾಗದ ಸುತ್ತಿ ಇಂದಿಗೂ ಅಟ್ಟದ ಮೇಲಿದೆ.

ಇಂತಹ ನಷ್ಟ ಇತರ ಸದಸ್ಯರಿಗೆ ಆಗಬಾರದೆಂಬುದೇ ಈ ಲೇಖನದ ಉದ್ದೇಶ.

1. ನಿಜವಾಗಿ ಹೊಸ ನಲ್ಲಿ ಬೇಕೆ?

ನಲ್ಲಿ ಸೋರುತ್ತದೆ ಎಂದ ಮಾತ್ರಕ್ಕೆ ಅದನ್ನು ಎಸೆಯಬೇಕಾಗಿಲ್ಲ. ಹಲವು ಸುತ್ತು ತಿರುಗಿಸುವ ಹಳೆಯ ಮಾದರಿಯ ನಲ್ಲಿಯೊಳಗೆ ಒಂದು ರಬ್ಬರ್ ವಾಷರ್ ಇರುತ್ತದೆ. ಹಿಡಿಕೆ ತಿರುಗಿಸಿದಂತೆ ಅದು ಕೆಳಗಿಳಿದು, ನೀರು ಬರುವ ತೂತಿನ ಅಂಚಿನ ಮೇಲೆ ಒತ್ತಿ ಕೂತು ನೀರನ್ನು ತಡೆಯುತ್ತದೆ. ವಾಷರ್ ಸವೆದರೆ ನಲ್ಲಿ ಹನಿಯುತ್ತದೆ. ವಾಷರಿನ ಬೆಲೆ ಹತ್ತಿಪ್ಪತ್ತು ರೂಪಾಯಿ. ಬದಲಾಯಿಸಲು ಬೇಕಾದ ಸಮಯ ಕಾಲು ಗಂಟೆ.

ಈಗ ಹೆಚ್ಚಾಗಿ ಮಾರಾಟವಾಗುತ್ತಿರುವ ಕಾಲು ಸುತ್ತಿನ ನಲ್ಲಿಗಳಲ್ಲಿ ವಾಷರ್ ಬದಲು ಎರಡು ಪಿಂಗಾಣಿ ಬಿಲ್ಲೆಗಳಿರುತ್ತವೆ. ಒಂದರ ಮೇಲೊಂದು ಜಾರಿ, ತೂತುಗಳು ಎದುರುಬದುರಾದಾಗ ನೀರು ಬರುತ್ತದೆ. ಇವು ಬೇಗ ಸವೆಯುವುದಿಲ್ಲ. ಆದರೆ ಮರಳಿನ ಕಣ ಸಿಕ್ಕಿಕೊಂಡರೆ ಗೀರು ಬಿದ್ದು ಸೋರತೊಡಗುತ್ತವೆ. ಆಗ ಒಳಗಿನ ಸ್ಪಿಂಡಲ್ ಮಾತ್ರ ಬದಲಾಯಿಸಬಹುದು. ಸುಮಾರು 100ರಿಂದ 250 ರೂಪಾಯಿ ಆಗುತ್ತದೆ.

ಹೊಸ ವಾಷರ್ ಹಾಕಿದ ಮೇಲೂ ಸೋರಿದರೆ, ವಾಷರ್ ಕೂರುವ ಲೋಹದ ಅಂಚೇ ತಿಂದುಹೋಗಿದೆ ಎಂದು ತಿಳಿಯಬೇಕು. ನಲ್ಲಿಯ ಮೈ ಬಿರುಕು ಬಿಟ್ಟಿದ್ದರೂ, ಹಿಡಿಕೆಯ ಥ್ರೆಡ್ ಸವೆದು ಸುಮ್ಮನೆ ಸುತ್ತುತ್ತಿದ್ದರೂ ಹೊಸದು ಕೊಳ್ಳುವುದೇ ಲಾಭ.

ಏನೇ ಆದರೂ ಸೋರುವುದನ್ನು ಹಾಗೆಯೇ ಬಿಡಬಾರದು. ಸೆಕೆಂಡಿಗೆ ಒಂದು ಹನಿಯಂತೆ ಬಿದ್ದರೆ ದಿನಕ್ಕೆ ಸುಮಾರು 20 ಲೀಟರು, ತಿಂಗಳಿಗೆ 600 ಲೀಟರು ಹೋಗುತ್ತದೆ. ಬೇಸಿಗೆಯಲ್ಲಿ ಹನಿ ನೀರಾವರಿಯಿಂದ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರು ನೀರು ಕೊಡಬೇಕೆಂಬುದು ನಮಗೆಲ್ಲ ತಿಳಿದ ಶಿಫಾರಸು. ಅಂದರೆ ಸೋರುವ ಒಂದು ನಲ್ಲಿ ಒಂದು ಅಡಿಕೆ ಮರದ ನೀರನ್ನು ಕುಡಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ಬಾವಿಯ ತಳ ಕಾಣುವಾಗ, ಕರೆಂಟು ಬಂದಾಗಷ್ಟೇ ಪಂಪು ಓಡುವಾಗ ಇದು ಸಣ್ಣ ಲೆಕ್ಕವಲ್ಲ.

2. ಕೊಳ್ಳುವ ಮುನ್ನ ಎತ್ತರ ಅಳೆಯಿರಿ

ನಲ್ಲಿಯಲ್ಲಿ ನೀರಿನ ಒತ್ತಡ ಟ್ಯಾಂಕಿನ ಎತ್ತರದಿಂದ ಬರುತ್ತದೆ. ಟ್ಯಾಂಕು ಎಷ್ಟು ದೊಡ್ಡದು ಎಂಬುದರಿಂದ ಅಲ್ಲ. ಐನೂರು ಲೀಟರಿನದಾಗಲಿ ಎರಡು ಸಾವಿರ ಲೀಟರಿನದಾಗಲಿ, ಒಂದೇ ಎತ್ತರದಲ್ಲಿದ್ದು ನೀರಿನ ಮಟ್ಟ ಒಂದೇ ಇದ್ದರೆ ಒತ್ತಡವೂ ಒಂದೇ. 33 ಅಡಿ, ಅಂದರೆ 10 ಮೀಟರು ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೊ ಒತ್ತಡ ಕೊಡುತ್ತದೆ. ನಲ್ಲಿಯ ಪೆಟ್ಟಿಗೆಯ ಮೇಲೆ ಇದನ್ನೇ ‘ಬಾರ್’ ಎಂದು ಬರೆದಿರುತ್ತಾರೆ. ಒಂದು ಬಾರ್ ಎಂದರೂ ಹೆಚ್ಚುಕಡಿಮೆ ಅಷ್ಟೇ. ಇದರಂತೆ ನಮ್ಮ ಮನೆಯ ಐದು ಅಡಿಯ ಟ್ಯಾಂಕಿನಿಂದ ಸಿಗುತ್ತಿದ್ದುದು ಒಂದು ಬಾರಿನ ಆರನೆಯ ಒಂದು ಪಾಲಿಗಿಂತಲೂ ಕಡಿಮೆ. ನಾನು ತಂದ ನಲ್ಲಿಯ ಪೆಟ್ಟಿಗೆಯ ಮೇಲೆ ಕನಿಷ್ಠ ಒಂದು ಬಾರ್ ಬೇಕೆಂದು ಬರೆದಿತ್ತು. ನಾನು ಓದಿರಲಿಲ್ಲ.

ಒಂದೇ ಹಿಡಿಕೆಯ ನಲ್ಲಿ ಹುಟ್ಟಿದ್ದೇ ಬೇರೆ ಬಗೆಯ ಮನೆಗಳಿಗಾಗಿ. ಅಮೆರಿಕದ ಆಲ್ಫ್ರೆಡ್ ಮೋಯೆನ್ ಎಂಬಾತ ವಿದ್ಯಾರ್ಥಿಯಾಗಿದ್ದಾಗ, 1937ರಲ್ಲಿ, ಎರಡು ಹಿಡಿಕೆಯ ನಲ್ಲಿಯಿಂದ ಬಿಸಿನೀರು ಬಿದ್ದು ಕೈ ಸುಟ್ಟುಕೊಂಡು, ಬಿಸಿ ತಣ್ಣೀರುಗಳನ್ನು ಒಂದೇ ಹಿಡಿಕೆಯಿಂದ ಬೆರೆಸುವ ಉಪಾಯ ಹುಡುಕಿದ. ಅದು ಮಾರಾಟಕ್ಕೆ ಬಂದದ್ದು 1947ರಲ್ಲಿ. ಅಲ್ಲಿನ ಮನೆಗಳಲ್ಲಿ ಬಿಸಿನೀರಿನ ಕೊಳವೆ ಬೇರೆ, ತಣ್ಣೀರಿನ ಕೊಳವೆ ಬೇರೆ. ಎರಡರಲ್ಲೂ ಒಳ್ಳೆಯ ಒತ್ತಡ. ನಮ್ಮಲ್ಲಿ ಬಿಸಿನೀರು ಬಚ್ಚಲ ಹಂಡೆಯಲ್ಲಿ. ಅಡಿಗೆಮನೆಗೆ ಬಿಸಿನೀರಿನ ಕೊಳವೆಯೇ ಇಲ್ಲದಿರುವಾಗ ಬೆರೆಸುವ ನಲ್ಲಿಗೆ ಹಣ ಕೊಡುವುದರಲ್ಲಿ ಅರ್ಥವಿಲ್ಲ.

ಸ್ಥೂಲವಾಗಿ ಹೀಗೆ ಆರಿಸಿಕೊಳ್ಳಬಹುದು:

(ಅ) ಟ್ಯಾಂಕಿನ ತಳ ನಲ್ಲಿಗಿಂತ 10 ಅಡಿಯೊಳಗಿದ್ದರೆ: ತಿರುಪಿನ ಸಾಧಾರಣ ನಲ್ಲಿ, ಇಲ್ಲವೇ ಒಳದಾರಿ ಅಗಲವಾಗಿರುವ ಕಾಲು ಸುತ್ತಿನ ನಲ್ಲಿ. ಬಾಯಿಗೆ ಜಾಲರಿ ಬೇಡ. ತಿರುಪಿನ ನಲ್ಲಿ ಹಳೆಯದೆಂದು ಹಗುರವಾಗಿ ಕಾಣಬೇಕಾಗಿಲ್ಲ. 1845ರಲ್ಲಿ ಇಂಗ್ಲೆಂಡಿನ ರಾದರ್‌ಹ್ಯಾಮ್ ಊರಿನವರು ಇದಕ್ಕೆ ಪೇಟೆಂಟ್ ಪಡೆದರು; ಇಂದಿಗೂ ಕಡಿಮೆ ಒತ್ತಡದಲ್ಲಿ ಇದರ ಕೆಲಸ ಚೆನ್ನಾಗಿದೆ.

(ಆ) 10ರಿಂದ 30 ಅಡಿ ಎತ್ತರವಿದ್ದರೆ: ತಿರುಗುವ ಕತ್ತಿನ, ಕಾಲು ಸುತ್ತಿನ ಸಿಂಕ್ ನಲ್ಲಿ. ಜಾಲರಿ ಇರಬಹುದು. ಜಾಲರಿ ನೀರಿಗೆ ಗಾಳಿ ಬೆರೆಸಿ, ಸಿಡಿಯದಂತೆ ಮಾಡಿ, ನೀರನ್ನು ಉಳಿಸುತ್ತದೆ.

(ಇ) ಗುಡ್ಡದ ಅಬ್ಬಿಯಿಂದ ನೇರವಾಗಿ ಪೈಪಿನಲ್ಲಿ ನೀರು ಬರುತ್ತಿದ್ದರೆ: ಇಲ್ಲಿ ತೊಂದರೆ ಉಲ್ಟಾ. ನೂರು ಅಡಿ ಇಳಿಜಾರಿನ ನೀರು ನಲ್ಲಿ ಮುಚ್ಚಿದಾಗ ಸುಮಾರು ಮೂರು ಬಾರ್ ಒತ್ತಡ ಹಾಕುತ್ತದೆ. ಕಾಲು ಸುತ್ತಿನ ನಲ್ಲಿಯನ್ನು ಥಟ್ಟನೆ ಮುಚ್ಚಿದರೆ ಪೈಪು ‘ಧಡ್’ ಎಂದು ಅದುರುತ್ತದೆ. ಕ್ರಮೇಣ ಜಾಯಿಂಟುಗಳು ಬಿಡುತ್ತವೆ. ಮನೆಯ ಮೇಲ್ಭಾಗದಲ್ಲಿ ಒಂದು ಸಣ್ಣ ತೊಟ್ಟಿಗೆ ನೀರು ಬಿಟ್ಟು ಅಲ್ಲಿಂದ ಅಡಿಗೆಮನೆಗೆ ತರುವುದು ಕ್ಷೇಮ. ತರಗೆಲೆ, ಮರಳು ಕೂಡ ತೊಟ್ಟಿಯಲ್ಲೇ ನಿಲ್ಲುತ್ತದೆ.

ಒಂದು ಸುಲಭ ಪರೀಕ್ಷೆ ಇದೆ. ಹಳೆಯ ನಲ್ಲಿ ಬಿಚ್ಚಿದಾಗ ಬರಿಯ ಪೈಪಿನ ಬಾಯಿಗೆ ಹತ್ತು ಲೀಟರಿನ ಬಕೆಟ್ ಹಿಡಿಯಿರಿ. ಒಂದು ನಿಮಿಷದಲ್ಲಿ ತುಂಬಿದರೆ ನೀರಿನ ಹರಿವು ಚೆನ್ನಾಗಿದೆ. ಮೂರು ನಿಮಿಷ ಹಿಡಿದರೆ ಎಷ್ಟೇ ಬೆಲೆಯ ನಲ್ಲಿ ಹಾಕಿದರೂ ಪ್ರಯೋಜನವಿಲ್ಲ; ದೋಷ ಪೈಪಿನಲ್ಲಿದೆ ಇಲ್ಲವೇ ಟ್ಯಾಂಕಿನ ಎತ್ತರದಲ್ಲಿದೆ. ಟ್ಯಾಂಕಿನಿಂದಲೇ ಅರ್ಧ ಇಂಚಿನ ಪೈಪು ಎಳೆದಿದ್ದರೆ ಅದನ್ನು ಮುಕ್ಕಾಲು ಅಥವಾ ಒಂದು ಇಂಚಿಗೆ ಏರಿಸಿ, ನಲ್ಲಿಯ ಬಳಿ ಮಾತ್ರ ಅರ್ಧ ಇಂಚಿಗೆ ಇಳಿಸಬೇಕು. ತೋಟದಲ್ಲಿ ಮೇನ್ ಲೈನನ್ನು ದಪ್ಪವಾಗಿಟ್ಟು ಕವಲುಗಳನ್ನು ಸಣ್ಣದಾಗಿಸುವ ಕ್ರಮ ಇದೇ ತಾನೆ.

3. ಲೋಹ ಮತ್ತು ಗುರುತು

ಹಿತ್ತಾಳೆಯ ಮೈಗೆ ಕ್ರೋಮಿಯಂ ಲೇಪನವಿರುವ ನಲ್ಲಿ ಹೆಚ್ಚು ಕಾಲ ಬಾಳುತ್ತದೆ. ಹೊರಗಿನ ಹೊಳಪು ಎಲ್ಲದರಲ್ಲೂ ಒಂದೇ ತರಹ ಕಾಣುವುದರಿಂದ, ಲೇಪನವಿಲ್ಲದ ಒಳಭಾಗವನ್ನು ನೋಡಬೇಕು. ಅಲ್ಲಿ ಹಳದಿ ಕಂಡರೆ ಹಿತ್ತಾಳೆ. ಬೂದು ಬಣ್ಣವಿದ್ದರೆ ಸತುವಿನ ಮಿಶ್ರಲೋಹವಿರಬಹುದು. ಅಂತಹದು ನೀರಿನಲ್ಲಿ ಬೇಗ ತಿಂದುಹೋಗುತ್ತದೆ.

ನಮ್ಮ ಜಂಬಿಟ್ಟಿಗೆ ನೆಲದ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಹುಳಿ ಗುಣದ್ದು. ಹಲವೆಡೆ ಕಬ್ಬಿಣದ ಅಂಶವೂ ಉಂಟು. ಇಂತಹ ನೀರು ಲೋಹವನ್ನು ತಿನ್ನುತ್ತದೆ, ಜಾಲರಿಯಲ್ಲಿ ಕೆಂಪು ಗಸಿ ಕಟ್ಟುತ್ತದೆ. ಆದ್ದರಿಂದ ಕೈಯಲ್ಲಿ ಬಿಚ್ಚಿ ತೊಳೆಯಬಹುದಾದ ಜಾಲರಿ ಇರುವ ನಲ್ಲಿಯನ್ನೇ ಕೇಳಿ.

ಒಳ್ಳೆಯ ಪ್ಲಾಸ್ಟಿಕ್ ನಲ್ಲಿಗಳಿಗೆ ತುಕ್ಕಿನ ಭಯವಿಲ್ಲ, ಬೆಲೆಯೂ ಕಡಿಮೆ. ಆದರೆ ಭಾರದ ಪಾತ್ರೆ ತಗುಲಿದರೆ ಮುರಿಯುತ್ತವೆ. ಹಿತ್ತಿಲಿಗೆ, ಬಚ್ಚಲಿಗೆ ಸಾಕು.

ಐ.ಎಸ್.ಐ. ಗುರುತು ನೋಡಿ ಕೊಳ್ಳಿ. ಹಿತ್ತಾಳೆಯ ತಿರುಪಿನ ಸಾಧಾರಣ ನಲ್ಲಿಗೆ ಐ.ಎಸ್. 781, ಅಲಂಕಾರದ ಮಾದರಿಗಳಿಗೆ ಐ.ಎಸ್. 8931, ಪ್ಲಾಸ್ಟಿಕ್ ನಲ್ಲಿಗೆ ಐ.ಎಸ್. 9763 ಎಂಬ ಸಂಖ್ಯೆಗಳಿವೆ. ಪೆಟ್ಟಿಗೆಯ ಮೇಲಿನ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಅದರ ಮೇಲೆ ಮತ್ತೆ ತೆರಿಗೆ ಕೊಡಬೇಕಾಗಿಲ್ಲ. ರಸೀದಿ ಕೇಳಿ ಪಡೆಯಿರಿ. ಗ್ಯಾರಂಟಿ ಇದ್ದರೂ ರಸೀದಿಯಿಲ್ಲದೆ ಅದು ನಡೆಯುವುದಿಲ್ಲ. ಒಳಗಿನ ಬಿಡಿಭಾಗ ಹತ್ತಿರದ ಪೇಟೆಯಲ್ಲೇ ಸಿಗುತ್ತದೆಯೇ ಎಂದೂ ವಿಚಾರಿಸಿ. ಮಳೆಗಾಲದಲ್ಲಿ ಒಂದು ಸ್ಪಿಂಡಲಿಗಾಗಿ ನಗರಕ್ಕೆ ಹೋಗಿಬರುವ ಖರ್ಚಿನಲ್ಲಿ ಇನ್ನೊಂದು ನಲ್ಲಿಯೇ ಬರುತ್ತದೆ.

4. ಬಳಸುವವರನ್ನು ಕೇಳಿ

ಅಂಗಡಿಗೆ ಹೋಗುವವರು ಗಂಡಸರು, ದಿನಕ್ಕೆ ನೂರು ಸಲ ನಲ್ಲಿ ತಿರುಗಿಸುವವರು ಹೆಂಗಸರು. ಅಡಿಗೆ ಮಾಡುವವರು ಸಿಂಕಿನ ಮುಂದೆ ನಿಂತು ಹೇಳುವ ಮಾತಿಗೆ ಬೆಲೆ ಕೊಡಬೇಕು. ಅವರಿಂದ ತಿಳಿಯಬೇಕಾದದ್ದು ಮೂರು ಸಂಗತಿ.

ಮೊದಲನೆಯದು, ನಲ್ಲಿಯ ಬಾಯಿಯ ಕೆಳಗೆ ಇಡಬೇಕಾದ ಅತಿ ದೊಡ್ಡ ಪಾತ್ರೆ ಯಾವುದು? ಮನೆಯ ಕೊಡಪಾನವನ್ನು ಸಿಂಕಿನಲ್ಲಿಟ್ಟು ಎತ್ತರ ಅಳೆದು, ಅದಕ್ಕಿಂತ ಎರಡು ಇಂಚು ಮೇಲೆ ನಲ್ಲಿಯ ಬಾಯಿ ಬರಬೇಕು. ಎರಡನೆಯದು, ನೀರು ಸಿಂಕಿನ ನಡುವೆ ಬೀಳುತ್ತದೆಯೇ? ಗೋಡೆಯ ಅಂಚಿಗೆ ಬಿದ್ದರೆ ಪಾತ್ರೆ ತೊಳೆಯುವವರ ಸೊಂಟ ನೋಯುತ್ತದೆ. ಮೂರನೆಯದು, ಹಿಟ್ಟು ಮೆತ್ತಿದ ಕೈಯಲ್ಲಿ, ವಯಸ್ಸಾದ ಅಮ್ಮನ ಕೈಯಲ್ಲಿ ತಿರುಗುತ್ತದೆಯೇ? ಉದ್ದ ಹಿಡಿಕೆಯ, ಕಾಲು ಸುತ್ತಿನ ನಲ್ಲಿಯನ್ನು ಮುಂಗೈಯಿಂದಲೇ ತಳ್ಳಿ ತೆರೆಯಬಹುದು.

5. ಖರ್ಚಿನ ಅಂದಾಜು

ಕೆಳಗಿನ ದರಗಳು ಅಂದಾಜು ಮಾತ್ರ. ಊರಿಂದ ಊರಿಗೆ ವ್ಯತ್ಯಾಸವಾಗುತ್ತವೆ. ಸದಸ್ಯರು ತಮ್ಮ ಊರಿನ ದರ ಹಾಕಿಕೊಂಡು ಲೆಕ್ಕ ಮಾಡಬೇಕು.

ಮೊದಲನೆಯ ಕ್ರಮ — ಗೋಡೆಯ ಹಳೆಯ ಜಾಗದಲ್ಲೇ ಹೊಸ ನಲ್ಲಿ:
ತಿರುಗುವ ಕತ್ತಿನ ಹಿತ್ತಾಳೆ ನಲ್ಲಿ — ರೂ. 1,200
ಟೆಫ್ಲಾನ್ ಟೇಪು — ರೂ. 30
ಪ್ಲಂಬರ್ ಕೂಲಿ — ರೂ. 400
ಒಟ್ಟು — ರೂ. 1,630

ಎರಡನೆಯ ಕ್ರಮ — ಗೋಡೆಯಿಂದ ಸಿಂಕಿನ ಕಟ್ಟೆಗೆ ನಲ್ಲಿ ವರ್ಗಾವಣೆ:
ಕಟ್ಟೆಯ ಮೇಲೆ ನಿಲ್ಲುವ ನಲ್ಲಿ — ರೂ. 1,500
ಆ್ಯಂಗಲ್ ವಾಲ್ವ್ — ರೂ. 400
ಜೋಡಣೆಯ ಮೆದು ಪೈಪು — ರೂ. 250
ಟೇಪು, ಇತರ ಬಿಡಿಸಾಮಾನು — ರೂ. 150
ಪ್ಲಂಬರ್, ಒಂದು ದಿನ — ರೂ. 1,000
ಒಟ್ಟು — ರೂ. 3,300

ಮೂರನೆಯ ಕ್ರಮ — ಬಿಸಿನೀರಿನ ಹೊಸ ಕೊಳವೆ ಸಹಿತ ಬೆರೆಸುವ ನಲ್ಲಿ:
ಒಂದೇ ಹಿಡಿಕೆಯ ನಲ್ಲಿ — ರೂ. 4,000
ಆ್ಯಂಗಲ್ ವಾಲ್ವ್ ಎರಡು — ರೂ. 800
ಸಿ.ಪಿ.ವಿ.ಸಿ. ಪೈಪು ಮತ್ತು ಜೋಡಣೆಗಳು — ರೂ. 2,000
ಗೋಡೆ ಒಡೆದು ಮುಚ್ಚಲು ಗಾರೆಯವರು ಮತ್ತು ಸಹಾಯಕರು — ರೂ. 1,800
ಸಿಮೆಂಟು, ಟೈಲ್ಸ್ — ರೂ. 700
ಪ್ಲಂಬರ್, ಎರಡು ದಿನ — ರೂ. 2,000
ಒಟ್ಟು — ರೂ. 11,300

ಇಲ್ಲಿ ಗಮನಿಸಬೇಕಾದದ್ದು, ಮೂರನೆಯ ಕ್ರಮದಲ್ಲಿ ನಲ್ಲಿಯ ಬೆಲೆ ಒಟ್ಟು ಖರ್ಚಿನ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಉಳಿದದ್ದೆಲ್ಲ ಗೋಡೆಯ, ಪೈಪಿನ, ಕೂಲಿಯ ಖರ್ಚು. ಅಷ್ಟಾದ ಮೇಲೂ ಒತ್ತಡ ಸಾಲದಿದ್ದರೆ ಬೂಸ್ಟರ್ ಪಂಪು ಹಾಕಿಸಿ ಎನ್ನುತ್ತಾರೆ. ಅದರ ಬೆಲೆ ಬೇರೆ, ಕರೆಂಟು ಬೇರೆ. ಕರೆಂಟು ಹೋದಾಗ ಮತ್ತೆ ನೂಲಿನ ಎಳೆ. ಆ ಹಣದಲ್ಲಿ ಟ್ಯಾಂಕನ್ನು ನಾಲ್ಕು ಅಡಿ ಎತ್ತರಿಸಿದರೆ ಮನೆಯ ಎಲ್ಲ ನಲ್ಲಿಗಳಿಗೂ ಅನುಕೂಲ.

ಸೋಲಾರ್ ಅಥವಾ ಬಾಯ್ಲರಿನಿಂದ ಬಿಸಿನೀರು ತರುವವರು ಸಾದಾ ಪಿ.ವಿ.ಸಿ. ಪೈಪು ಬಳಸಬಾರದು, ಅದು ಬಿಸಿಗೆ ಮೆದುವಾಗುತ್ತದೆ. ಬಿಸಿ ಮತ್ತು ತಣ್ಣೀರಿನ ಒತ್ತಡ ಸರಿಸಮ ಇರಬೇಕು, ಇಲ್ಲದಿದ್ದರೆ ಹೆಚ್ಚು ಒತ್ತಡದ ನೀರು ಇನ್ನೊಂದರ ಕೊಳವೆಗೆ ನುಗ್ಗುತ್ತದೆ.

6. ಜೋಡಿಸುವ ವಿಧಾನ

ಮೊದಲನೆಯ ಕ್ರಮದ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಪೇಟೆಯಿಂದ ದೂರದ ತೋಟದ ಮನೆಗಳಲ್ಲಿ ಅರ್ಧ ಗಂಟೆಯ ಕೆಲಸಕ್ಕೆ ಪ್ಲಂಬರಿಗಾಗಿ ವಾರಗಟ್ಟಲೆ ಕಾಯಬೇಕಾಗುತ್ತದೆ.

ಮೊದಲು ಟ್ಯಾಂಕಿನ ಗೇಟ್‌ವಾಲ್ವ್ ಮುಚ್ಚಿ, ನಲ್ಲಿ ತೆರೆದು ಪೈಪಿನ ನೀರು ಖಾಲಿ ಮಾಡಿ. ಹಳೆಯ ನಲ್ಲಿಯನ್ನು ಎಡಕ್ಕೆ ತಿರುಗಿಸಿ ಬಿಚ್ಚಿ. ಹಠ ಹಿಡಿದರೆ ಜಗ್ಗಾಡಬೇಡಿ. ಹಳೆಯ ಕಬ್ಬಿಣದ ಪೈಪಾದರೆ ಗೋಡೆಯೊಳಗೇ ಮುರಿಯುತ್ತದೆ. ಅಂತಹ ಕಡೆ ಪ್ಲಂಬರನ್ನು ಕರೆಸುವುದೇ ಉಳಿತಾಯ.

ಬಿಚ್ಚಿದ ಮೇಲೆ ಒಳಗಿನ ಹಳೆಯ ಟೇಪು, ಸಣಬು, ತುಕ್ಕು ಎಲ್ಲ ತೆಗೆದು, ಗೇಟ್‌ವಾಲ್ವನ್ನು ಸ್ವಲ್ಪ ಹೊತ್ತು ತೆರೆದು ಬರಿಯ ಪೈಪಿನಿಂದ ನೀರು ಹರಿಸಿ. ಪೈಪಿನ ಮರಳು ಹೊರಗೆ ಬೀಳಲಿ. ಇದನ್ನು ಮಾಡದಿದ್ದರೆ ಹೊಸ ನಲ್ಲಿಯ ಪಿಂಗಾಣಿ ಬಿಲ್ಲೆಗೆ ಮೊದಲ ದಿನವೇ ಗೀರು ಬೀಳುತ್ತದೆ.

ಹೊಸ ನಲ್ಲಿಯ ಥ್ರೆಡ್ ತುದಿಯನ್ನು ನಿಮ್ಮ ಮುಖಕ್ಕೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಟೆಫ್ಲಾನ್ ಟೇಪನ್ನು ಹನ್ನೆರಡರಿಂದ ಹದಿನೈದು ಸುತ್ತು ಬಿಗಿಯಾಗಿ ಸುತ್ತಿ. ದಿಕ್ಕು ತಪ್ಪಿದರೆ ತಿರುಗಿಸುವಾಗ ಟೇಪು ಬಿಚ್ಚಿಕೊಳ್ಳುತ್ತದೆ. ಕೈಯಲ್ಲಿ ಆದಷ್ಟು ತಿರುಗಿಸಿ, ಬಳಿಕ ಬಟ್ಟೆ ಸುತ್ತಿ ಸ್ಪ್ಯಾನರಿನಿಂದ ಒಂದೆರಡು ಸುತ್ತು ಬಿಗಿ ಮಾಡಿ. ಅತಿಯಾಗಿ ಬಿಗಿದರೆ ಗೋಡೆಯೊಳಗಿನ ಪ್ಲಾಸ್ಟಿಕ್ ಎಲ್ಬೋ ಸೀಳುತ್ತದೆ. ಅಲ್ಲಿಗೆ 1,630 ರೂಪಾಯಿಯ ಕೆಲಸ ಗೋಡೆ ಒಡೆಯುವ ಕೆಲಸವಾಗುತ್ತದೆ. ನಲ್ಲಿ ನೆಟ್ಟಗೆ ನಿಲ್ಲಲೆಂದು ಹಿಂದಕ್ಕೆ ತಿರುಗಿಸಲೂಬಾರದು. ಬಿಚ್ಚಿ, ಟೇಪು ಹೆಚ್ಚು ಸುತ್ತಿ ಮತ್ತೆ ಹಾಕಬೇಕು.

ನೀರನ್ನು ನಿಧಾನವಾಗಿ ಬಿಡಿ. ಜಾಯಿಂಟಿನ ಸುತ್ತ ಒಣ ಕಾಗದ ಹಿಡಿದು, ಒದ್ದೆಯಾಗುತ್ತದೆಯೇ ನೋಡಿ. ರಾತ್ರಿ ಮತ್ತೊಮ್ಮೆ ನೋಡಿ. ಸಿಂಕಿನ ಕೆಳಗೆ ಒಂದು ಪ್ರತ್ಯೇಕ ವಾಲ್ವ್ ಇದ್ದರೆ, ಮುಂದೆ ವಾಷರ್ ಬದಲಾಯಿಸುವಾಗ ಇಡೀ ಮನೆಯ ನೀರು ನಿಲ್ಲಿಸಬೇಕಾಗಿಲ್ಲ.

7. ಆನಂತರದ ಪಾಲನೆ

ಜಾಲರಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಿರಿ. ಕೆಂಪು ಗಸಿ ಬಿಡದಿದ್ದರೆ ಹುಣಿಸೆ ನೀರಿನಲ್ಲಿ ನೆನೆಯಿಡಿ. ಹೊಳಪಿನ ಲೇಪನವನ್ನು ಬೂದಿ, ಮರಳು, ತಂತಿ ಜುಂಗಿನಿಂದ ತಿಕ್ಕಬೇಡಿ. ಬೋರ್ಡೋ ದ್ರಾವಣದ ಪಾತ್ರೆ, ಸಿಂಪರಣೆಯ ನಾಜಲುಗಳನ್ನು ಎಂದೂ ಅಡಿಗೆಮನೆಯ ಸಿಂಕಿನಲ್ಲಿ ತೊಳೆಯಬಾರದು.

ಹಿತ್ತಾಳೆಯನ್ನು ಕಡೆಯಲು ಸುಲಭವಾಗಲೆಂದು ಅದರಲ್ಲಿ ಸ್ವಲ್ಪ ಸೀಸ ಬೆರೆಸುವುದುಂಟು. ಹುಳಿ ಗುಣದ ನೀರು ರಾತ್ರಿಯಿಡೀ ನಲ್ಲಿಯಲ್ಲಿ ನಿಂತರೆ ಅದರ ಅಂಶ ನೀರಿಗೆ ಇಳಿಯಬಹುದು. ಬೆಳಗಿನ ಮೊದಲ ಒಂದೆರಡು ಚೊಂಬು ನೀರನ್ನು ಕಾಫಿಗೆ, ಕುಡಿಯಲು ಬಳಸದೆ, ಪಾತ್ರೆ ತೊಳೆಯಲು ಅಥವಾ ಹೂಗಿಡಕ್ಕೆ ಹಾಕುವುದು ಒಳ್ಳೆಯ ರೂಢಿ. ಎಳೆಯ ಮಕ್ಕಳಿರುವ ಮನೆಗಳಲ್ಲಿ ಇದನ್ನು ತಪ್ಪದೆ ಪಾಲಿಸಬೇಕು.

ಕೊನೆಯದಾಗಿ ಒಂದು ಮಾತು. ಪೇಟೆಗೆ ಹೊರಡುವ ಮುನ್ನ ಒಂದು ಚೀಟಿಯಲ್ಲಿ ನಾಲ್ಕು ಅಳತೆ ಬರೆದುಕೊಳ್ಳಿ: ಟ್ಯಾಂಕಿನ ತಳದಿಂದ ನಲ್ಲಿಗೆ ಎಷ್ಟು ಅಡಿ, ಹತ್ತು ಲೀಟರಿನ ಬಕೆಟ್ ತುಂಬಲು ಎಷ್ಟು ನಿಮಿಷ, ಕೊಡಪಾನದ ಎತ್ತರ ಎಷ್ಟು ಇಂಚು, ಗೋಡೆಯಿಂದ ಸಿಂಕಿನ ನಡುವಿಗೆ ಎಷ್ಟು ಇಂಚು. ಈ ಚೀಟಿ ಅಂಗಡಿಯವರ ಮುಂದಿಟ್ಟರೆ ಅರ್ಧ ಕೆಲಸ ಮುಗಿದಂತೆ. ನಾನು ಚೀಟಿಯಿಲ್ಲದೆ ಹೋಗಿದ್ದೆ. ಆ ನಾಲ್ಕು ತಿಂಗಳು ನೀರು ಹೊತ್ತವಳು ನನ್ನ ಮನೆಯಾಕೆ.